ಜನ್ನಾಪುರದ ಹವಳದ ತೊಟ್ಟಿ

ಅಕ್ವೇರಿಯಂ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಯಾವ ಫಿಲ್ಟರ್ ಒಳ್ಳೆಯದು, ಯಾವ ಲೈಟ್ ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನೆಲ್ಲ ಮಾರುವವನೇ ಹೇಳುತ್ತಾನೆ, ನನ್ನನ್ನು ಕೇಳಬೇಕಾಗಿಲ್ಲ. ಈ ಕೆಲಸದಲ್ಲಿ ಮೀನಿನ ಜೊತೆ ಏಗುವುದು ಸುಲಭ, ಮೀನು ಇಟ್ಟುಕೊಂಡವರ ಜೊತೆ ಏಗುವುದು ಕಷ್ಟ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಅಂಗಡಿ ಬಿಟ್ಟುಕೊಟ್ಟ ಮೇಲೆ ಕೂತು ಇಷ್ಟು ಬರೆಯುತ್ತಿದ್ದೇನೆ.

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನನ್ನ ಸೋದರಮಾವ ರುದ್ರಪ್ಪನವರ ಗಾಜಿನ ಅಂಗಡಿ ಇತ್ತು. ಕಿಟಕಿಗೆ ಗಾಜು, ದೇವರ ಪಟಕ್ಕೆ ಚೌಕಟ್ಟು, ಇಷ್ಟೇ ವ್ಯಾಪಾರ. ಉಳಿದ ತುಂಡುಗಳನ್ನು ಬಿಸಾಡಲು ಮನಸ್ಸಿಲ್ಲದೆ ಮಾವ ಮೀನಿನ ತೊಟ್ಟಿ ಕಟ್ಟಲು ಶುರುಮಾಡಿದರು. ತೊಂಬತ್ತರ ದಶಕದ ಆರಂಭದಲ್ಲಿ ಗಾಜು ಕೊಯ್ಯಲು ಸೇರಿದ ನಾನು, ಮಾವನಿಗೆ ಮಂಡಿನೋವು ಬಂದಮೇಲೆ ಮನೆಮನೆಗೆ ಹೋಗಿ ತೊಟ್ಟಿ ಕೂರಿಸುವವಳೂ ಆದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮೀನಂಗಡಿ ಇಟ್ಟಿದ್ದಾಳೆಂದು ನಮ್ಮವರು ಮದುವೆಮನೆಗಳಲ್ಲಿ ಮೂಗು ಮುರಿದರು. ನಾನು ಊಟದ ಸಾಲಿನಲ್ಲಿ ಅವರ ಎದುರಿಗೇ ಕೂತು ಹೋಳಿಗೆ ಎರಡು ಸಲ ಹಾಕಿಸಿಕೊಂಡು ತಿಂದೆ.

ಮೊದಮೊದಲು ಮೀನು ತಿನ್ನಲು ಕೊಳ್ಳುವವರೂ ಬರುತ್ತಿದ್ದರು. ಹೊಳೆಹೊನ್ನೂರಿನ ಕಡೆಯವನೊಬ್ಬ ಚೀಲ ಬಿಡಿಸಿ, "ಬಂಗುಡೆ ಹೆಂಗೆ ಕೊಡ್ತೀರಕ್ಕಾ?" ಎಂದ. ಇಲ್ಲಿರುವುದು ಇಷ್ಟೇ ಎಂದು ಗೋಲ್ಡ್ ಫಿಶ್ ತೋರಿಸಿದೆ. ಅವನು ಬಗ್ಗಿ ನೋಡಿ, "ಅಯ್ಯೋ ಮಾರಾಯ್ತಿ, ಇದ್ರಲ್ಲಿ ಸಾರಿಗೇನಾಗುತ್ತೆ? ಹಲ್ಲಿನ ಸಂದಿಗೂ ಸಾಲಲ್ಲ" ಎಂದು ನನಗಾಗಿ ಮರುಗಿ ಹೋದ.

ಮಾವ ಒಳ್ಳೆಯ ಮನುಷ್ಯ. ಯಜಮಾನನಾಗಿ ಮಾತ್ರ ಹಟಮಾರಿ. ಸಿಲಿಕೋನ್ ಅಂಟು ಬಂದಮೇಲೂ ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಬಳಿಯುವುದನ್ನು ಬಿಡಲಿಲ್ಲ. ರಾಗಿಗುಡ್ಡದ ಹತ್ತಿರ ಒಬ್ಬ ವಕೀಲರ ಮನೆಯ ತೊಟ್ಟಿಯ ಪುಟ್ಟಿ ಒಣಗಿ ಬಿರುಕುಬಿಟ್ಟು, ನೀರೆಲ್ಲ ಹಾಲ್‌ಗೆ ಇಳಿಯಿತು. ನಾವು ಹೋಗುವಷ್ಟರಲ್ಲಿ ವಕೀಲರು ಪಂಚೆ ಎತ್ತಿ ಕಟ್ಟಿಕೊಂಡು ಸೋಫಾದ ಕೆಳಗೆ ಮೀನು ಹುಡುಕುತ್ತಿದ್ದರು. ಮಾವ ಚೌಕಟ್ಟನ್ನು ಬೆರಳಿನಿಂದ ತಟ್ಟಿ, "ಗಾಜು ನೋಡಿ ಸಾರ್, ಒಂದು ಗೀರೂ ಬಿದ್ದಿಲ್ಲ" ಎಂದರು. ವಕೀಲರು ಕೇಸು ಹಾಕಲಿಲ್ಲ. ಮಾರನೆಯ ದಿನದಿಂದ ಸಿಲಿಕೋನ್ ಬಂತು.

ಉಪ್ಪುನೀರಿನ ತೊಟ್ಟಿಯ ಹುಚ್ಚು ಹಿಡಿಸಿದವರೂ ಮಾವನೇ. ಗಾಂಧಿ ಬಜಾರಿನಿಂದ ಕಲ್ಲುಪ್ಪು ತರಿಸಿ ಕರಗಿಸಿದರು, ನಾಲಿಗೆಗೆ ಹಚ್ಚಿ ನೋಡಿ, "ಸಮುದ್ರ ಇಷ್ಟೇ ಕಣೇ" ಎಂದರು. ಅದಕ್ಕೆ ಬಿಟ್ಟ ಮೀನುಗಳು ಸಂಜೆಯ ಹೊತ್ತಿಗೆ ಮಗುಚಿದವು. ಸಮುದ್ರದ ನೀರಿನಲ್ಲಿ ಉಪ್ಪೊಂದೇ ಅಲ್ಲ, ಸುಣ್ಣದ ಅಂಶ ಮತ್ತಿನ್ನೇನೇನೋ ಇರುತ್ತವೆಂದು ನಮಗೆ ತಿಳಿದದ್ದು ಆಮೇಲೆ. ಅದಾದಮೇಲೆ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬರುವ ಮೀನಿನ ಲಾರಿಯಲ್ಲಿ ಕ್ಯಾನ್‌ಗಟ್ಟಲೆ ಸಮುದ್ರದ ನೀರನ್ನೇ ತರಿಸಿದೆವು. ಕ್ಯಾನ್ ಇಳಿಸಿಕೊಂಡ ದಿನ ನನ್ನ ಸೀರೆಯ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗಿರುತ್ತಿತ್ತು, ಆರಾಮಾಗಿ ಕೂತು ಬರುತ್ತಿದ್ದೆ. ಕೆಲವು ವರ್ಷಗಳ ನಂತರ ಪೊಟ್ಟಣದ ಸಮುದ್ರದುಪ್ಪು ಚೆನ್ನೈಯಿಂದ ಬರತೊಡಗಿತು. ಈಗಿನವರಿಗೆ ಅದೊಂದೇ ಗೊತ್ತು.

ಷಣ್ಮುಖಪ್ಪನವರು ಅಂಗಡಿಗೆ ಬಂದದ್ದು ಈ ಪೊಟ್ಟಣದ ಉಪ್ಪಿನ ಕಾಲದಲ್ಲಿ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಫರ್ನೇಸಿನ ಮೇಸ್ತ್ರಿಯಾಗಿದ್ದು ನಿವೃತ್ತರಾಗಿ ಅಲ್ಲೇ ಜನ್ನಾಪುರದಲ್ಲಿ ಮನೆ ಕಟ್ಟಿಕೊಂಡಿದ್ದರು. ಎತ್ತರದ ಆಳು, ಹಣೆತುಂಬ ವಿಭೂತಿ, ಹುಬ್ಬಿನ ಕೂದಲು ಅರ್ಧ ಸುಟ್ಟದ್ದು ಮತ್ತೆ ಬೆಳೆದಿರಲಿಲ್ಲ. ತರಬೇತಿಗೆಂದು ಚೆನ್ನೈಗೆ ಹೋಗಿದ್ದಾಗ ಯಾವುದೋ ಹೋಟೆಲಿನಲ್ಲಿ ಹವಳದ ತೊಟ್ಟಿ ನೋಡಿದ್ದರಂತೆ.

"ನಂಗೆ ಮೀನು ಬೇಡಮ್ಮ. ಬಣ್ಣ ಬೇಕು" ಎಂದರು. "ಕರಗಿದ ಕಬ್ಬಿಣದ ಬಣ್ಣ ನೋಡಿ ಶಾಖ ಹೇಳ್ತಿದ್ದೆ ನಾನು. ಮೀಟರ್ ಬಂದಮೇಲೂ ಇಂಜಿನಿಯರುಗಳು ನನ್ನ ಕಡೆ ಒಂದ್ಸಲ ನೋಡೇ ಮುಂದಕ್ಕೆ ಹೋಗೋರು. ಈಗ ಮನೇಲಿ ಕೂತು ಏನ್ ನೋಡ್ಲಿ? ಗೋಡೆ, ಕ್ಯಾಲೆಂಡರು, ಇವಳ ಮುಖ." ಜೊತೆಗೆ ಬಂದಿದ್ದ ಹೆಂಡತಿ ಶಾಂತಮ್ಮ, "ನನ್ನ ಮುಖಕ್ಕೇನಾಗಿದೆ?" ಎಂದು ಅಲ್ಲೇ ಕೇಳಿದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹವಳ ಕಲ್ಲಲ್ಲ, ಜೀವ. ಆಗ ಅದನ್ನು ವ್ಯಾಪಾರಿಗಳು ರಾಜಾರೋಷವಾಗಿ ಮಾರುತ್ತಿದ್ದರು. ಕೆಲವು ವರ್ಷಗಳಲ್ಲೇ ಅದು ವನ್ಯಜೀವಿಗಳ ಸಾಲಿಗೆ ಸೇರಿ, ಸಮುದ್ರದಿಂದ ಕೀಳುವುದು, ಮಾರುವುದು ಎಲ್ಲ ಅಪರಾಧವಾಯಿತು. ಆದದ್ದು ಒಳ್ಳೆಯದೇ. ಷಣ್ಮುಖಪ್ಪನವರ ತೊಟ್ಟಿ ಅದಕ್ಕೆ ಮೊದಲಿನದು.

ಜನ್ನಾಪುರದ ಅವರ ಮನೆಯ ನಡುಮನೆಯಲ್ಲಿ ತೊಟ್ಟಿ ಕೂರಿಸಿದೆ. ಉಪ್ಪುನೀರು ತುಂಬಿಸಿ, ಮೋಟರ್ ಓಡಿಸಿ, ಕಣ್ಣಿಗೆ ಕಾಣದ ಜೀವಿಗಳು ಮನೆಮಾಡಿರುವ ಸಮುದ್ರದ ಜೀವಕಲ್ಲು ಹಾಕಿ, ನೀರು ಪಕ್ವವಾಗುವವರೆಗೆ ಸುಮ್ಮನೆ ಕಾಯಬೇಕು. ಈ ಕಾಯುವ ಕಾಲದಲ್ಲಿಯೇ ಹೆಚ್ಚಿನ ಗಿರಾಕಿಗಳು ಕೈಕೊಡುವುದು. ಬರೀ ಕಲ್ಲು, ಬರೀ ನೀರು ನೋಡಿ ನೋಡಿ, "ಏನ್ ಬಾವಿ ತೋಡಿಸಿದ್ದೀವಾ?" ಎಂದು ರೇಗುತ್ತಾರೆ. ಷಣ್ಮುಖಪ್ಪ ರೇಗಲಿಲ್ಲ. ಫರ್ನೇಸ್ ಕಾಯುವವರೆಗೆ ಕೂತು ರೂಢಿಯಿದ್ದ ಮನುಷ್ಯ.

ಜಗಳ ಬಂದದ್ದು ಹವಳ ಜೋಡಿಸುವಾಗ. ನಮ್ಮ ಕೆಲಸದಲ್ಲಿ ಬೆಳಕು ಹೆಚ್ಚು ಬೇಕಾದದ್ದು ಮೇಲೆ, ಕಡಿಮೆ ಸಾಕಾದದ್ದು ಕೆಳಗೆ; ನೀರಿನ ಸೆಳೆತ ತಡೆಯುವುದು ಮೋಟರಿನ ಎದುರಿಗೆ, ತಡೆಯದ್ದು ಮರೆಗೆ. ಒಂದಕ್ಕೊಂದು ತಾಗಬಾರದು, ರಾತ್ರಿ ಎಳೆ ಚಾಚಿ ಪಕ್ಕದ್ದನ್ನು ಕುಟುಕುತ್ತವೆ. ಷಣ್ಮುಖಪ್ಪನವರ ಲೆಕ್ಕ ಬೇರೆ. ಕಬ್ಬಿಣ ಕಾಯುವ ಕ್ರಮದಲ್ಲಿ ಬಣ್ಣ ಬರಬೇಕು: ಬುಡದಲ್ಲಿ ಕಡುಗೆಂಪು, ಅದರ ಮೇಲೆ ಕಿತ್ತಳೆ, ನಟ್ಟನಡುವೆ ಮಿದುಳಿನಂತೆ ಸುರುಳಿ ಸುರುಳಿಯಾಗಿರುವ ಬಂಗಾರದ ಬಣ್ಣದ ಮಿದುಳು ಹವಳ, ತುದಿಯಲ್ಲಿ ಕೆನೆ. ಮಧ್ಯೆ ಸಂದಿಯೇ ಇರಬಾರದು.

"ತಾಗಿದ್ರೆ ಕಿತ್ತಾಡ್ತವೆ" ಎಂದೆ.

"ಕಲ್ಲಿನಂಗೆ ಕೂತಿರೋವು ಏನ್ ಕಿತ್ತಾಡ್ತವೆ? ನೀವು ಸುಮ್ನಿರಿ ಗಿರಿಜಮ್ಮ."

ಸುಮ್ಮನೆ ಕೈ ಒರೆಸಿಕೊಂಡು ಬಸ್ ಹತ್ತಿದೆ. ವಾರ ಕಳೆಯುವುದರೊಳಗೆ ಫೋನ್ ಬಂತು. ಮಿದುಳು ಹವಳ ಪಕ್ಕದ ಕಿತ್ತಳೆಯನ್ನು ಸವರಿ ಸವರಿ ಅಂಗೈಯಗಲ ಬೋಳು ಮಾಡಿತ್ತು. "ನಿಮ್ಮ ಮಾತು ಕೇಳ್ಬೇಕಿತ್ತು ಮಾರಾಯ್ತಿ. ಒಂದೇ ಓಣಿಯವರ ಥರ ಆಡ್ತವಲ್ಲ ಇವು!" ಎಂದರು. ಇಬ್ಬರೂ ಕೂತು ಮತ್ತೆ ಜೋಡಿಸಿದೆವು. ಬಣ್ಣದ ಕ್ರಮ ಅವರದು, ನಡುವಿನ ಅಂತರ ನನ್ನದು. ಮುಂದಿನಿಂದ ನೋಡಿದರೆ ಅಂಟಿಕೊಂಡಂತೆ ಕಾಣಬೇಕು, ಪಕ್ಕದಿಂದ ನೋಡಿದರೆ ಹಿಂದೆ ಮುಂದೆ ಗೇಣು ಗೇಣು ಬಿಟ್ಟಿರಬೇಕು. ನಾನು ಇಷ್ಟು ವರ್ಷಗಳಲ್ಲಿ ಕೂರಿಸಿದ ತೊಟ್ಟಿಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಸಂಜೆ ನೀಲಿ ಟ್ಯೂಬ್‌ಲೈಟ್ ಹಾಕಿ ಷಣ್ಮುಖಪ್ಪ ಎದುರಿಗೆ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕಿತ್ತಂತೆ.

ಆಮೇಲೆ ಕಾನೂನು ಬಂತು. ತೊಟ್ಟಿಯಲ್ಲಿರುವುದರ ವಿವರವನ್ನು ಅವರೇ ಅರಣ್ಯ ಕಚೇರಿಗೆ ಹೋಗಿ ತಿಳಿಸಿ ಬಂದರು. ನಾನು ಹೊಸ ಹವಳ ತರಿಸುವುದನ್ನು ನಿಲ್ಲಿಸಿದೆ. "ಇನ್ಮೇಲೆ ಇದ್ದದ್ದು ಹೋದ್ರೆ ಹೋದಂಗೇ. ಜೋಪಾನ" ಎಂದು ಹೇಳಿದೆ.

ಕೆಲವು ವರ್ಷ ತೊಟ್ಟಿಗೆ ಏನೂ ಆಗಲಿಲ್ಲ. ಆದದ್ದು ಅವರ ಕಣ್ಣಿಗೆ. ಜನ್ಮವಿಡೀ ಬೆಂಕಿ ನೋಡಿದವರಿಗೆ ಪೊರೆ ಬೇಗ ಬರುತ್ತದಂತೆ. ಎರಡೂ ಕಣ್ಣಿಗೆ ಬಂದಿತ್ತು. ಮೊದಲು ಬಲಗಣ್ಣು, ಕೆಲವು ತಿಂಗಳು ಬಿಟ್ಟು ಎಡಗಣ್ಣು ಎಂದು ಡಾಕ್ಟರು ಗೊತ್ತುಮಾಡಿದರು. ಬಲಗಣ್ಣಿನ ಆಪರೇಷನ್ನಿಗೆ ಗಂಡ ಹೆಂಡತಿ ಪರವೂರಿಗೆ ಹೋದಾಗ ನವರಾತ್ರಿ. ತೊಟ್ಟಿ ನೋಡಿಕೊಳ್ಳುವ ಕೆಲಸ ಮಗ ಲೋಕೇಶನಿಗೆ ಬಿತ್ತು. ಅವನು ಊರಲ್ಲೇ ಕಬ್ಬಿಣ ಕಡೆಯುವ ಲೇತ್ ಅಂಗಡಿ ಇಟ್ಟಿದ್ದ, ಬೇರೆ ಮನೆ ಮಾಡಿದ್ದ. ಮೀನಿಗೆ ಎಷ್ಟು ಕಾಳು ಹಾಕಬೇಕೆಂದು ಅಪ್ಪ ಹೇಳಿ ಹೋಗಿದ್ದರು. ಮೋಟರಿನ ವಿಷಯ ಹೇಳಿರಲಿಲ್ಲ. ಅದು ತಾನಾಗಿ ಓಡುತ್ತಿತ್ತು, ಹೇಳುವುದೇನಿತ್ತು?

ವಿಜಯದಶಮಿಯ ಮಧ್ಯಾಹ್ನ ಲೋಕೇಶ ಫೋನ್ ಮಾಡಿದ. "ಅಕ್ಕಾ, ಅಪ್ಪನ ತೊಟ್ಟಿ ನೀರು ಹಾಲಿನಂಗಾಗಿದೆ. ಏನೋ ವಾಸ್ನೆ. ಈಗ್ಲೇ ಬರ್ತೀರಾ?"

ಹೋದವಳೇ ಬಗ್ಗಿ ನೋಡಿದೆ. ತೊಟ್ಟಿಯ ಕೆಳಗಿನ ಮೋಟರನ್ನು ಫಳಫಳ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದ. ಮುಂದೆ ಕುಯ್ದ ನಿಂಬೆಹಣ್ಣು. ಭದ್ರಾವತಿಯಲ್ಲಿ ಆಯುಧಪೂಜೆ ಎಂದರೆ ಹಬ್ಬಗಳಿಗೆಲ್ಲ ದೊಡ್ಡದು. ಯಂತ್ರವನ್ನು ತೊಳೆದು, ಪೂಜೆ ಮಾಡಿ, ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಅದೂ ದಣಿದಿರುತ್ತದೆ, ಅದಕ್ಕೂ ಒಂದು ದಿನ ಬೇಕು ಎಂದು ಕಾರ್ಖಾನೆಯ ಮಕ್ಕಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ. ಲೋಕೇಶ ಹಬ್ಬದ ಹಿಂದಿನ ಸಂಜೆಯೇ ಲೇತಿನ ಜೊತೆ ಅಪ್ಪನ ಮೋಟರನ್ನೂ ನಿಲ್ಲಿಸಿ ಪೂಜೆಗೆ ಅಣಿಮಾಡಿದ್ದ.

"ಯಾಕಪ್ಪಾ ನಿಲ್ಸಿದೆ?" ಎಂದೆ.

"ವರ್ಷಗಟ್ಟಲೆ ಒಂದೇ ಸಮ ಓಡಿದೆಯಲ್ಲಕ್ಕಾ. ಅಪ್ಪ ಇದ್ದಿದ್ರೆ ಹೆಂಗೆ ಮಾಡೋರೋ ಹಂಗೇ ಮಾಡ್ದೆ" ಎಂದ. ಅವನ ಮುಖ ನನ್ನಿಂದ ನೋಡಲಾಗಲಿಲ್ಲ.

ಅಪ್ಪ ಇದ್ದಿದ್ದರೆ ಓಡುವ ಮೋಟರಿಗೇ ಹೂವು ಇಡುತ್ತಿದ್ದರು, ಪ್ರತಿವರ್ಷವೂ ಹಾಗೇ ಇಟ್ಟುಕೊಂಡು ಬಂದಿದ್ದರು. ಅದನ್ನು ಮಗ ಕಂಡಿರಲಿಲ್ಲ. ಹಬ್ಬದ ದಿನ ಅವನು ತನ್ನ ಅಂಗಡಿಯಲ್ಲೇ ಇರುತ್ತಿದ್ದನಲ್ಲ. ಹರಿಯದ ನೀರಿನಲ್ಲಿ ಉಸಿರು ಸಿಕ್ಕದೆ ಮೀನುಗಳು ಸತ್ತಿದ್ದವು. ಮೆತ್ತನೆಯ ಹವಳಗಳು ಕರಗಿಹೋಗಿದ್ದವು. ಗಟ್ಟಿಯವು ಉಳಿದಿದ್ದರೂ ಬಣ್ಣ ಕಳೆದುಕೊಳ್ಳತೊಡಗಿದ್ದವು. ನೀರು ಬದಲಿಸಿ, ಸತ್ತದ್ದನ್ನು ತೆಗೆದು, ಮೋಟರ್ ಓಡಿಸಿದೆ. ಆ ವಾರದೊಳಗೆ ಕಡುಗೆಂಪು, ಕಿತ್ತಳೆ, ಬಂಗಾರ ಎಲ್ಲ ಸುಣ್ಣ ಬಳಿದಂತೆ ಬೆಳ್ಳಗಾದವು. ಜೀವ ಇತ್ತು, ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ತೆಳ್ಳನೆಯ ಪೊರೆಯಂಥ ಮಾಂಸ ಕಾಣುತ್ತಿತ್ತು. ಬಣ್ಣ ತಿರುಗಿ ಬರುತ್ತದೋ, ಹಾಗೇ ಸಾಯುತ್ತದೋ ಹೇಳುವ ಹಾಗಿರಲಿಲ್ಲ.

ಶಾಂತಮ್ಮ ಊರಿಗೆ ಬಂದವರೇ ತೊಟ್ಟಿ ನೋಡಿ ತಲೆಯ ಮೇಲೆ ಕೈಹೊತ್ತರು. ಗಂಡನಿಗೆ ಕಪ್ಪು ಕನ್ನಡಕ ಹಾಕಿ ಒಳಕೋಣೆಯಲ್ಲಿ ಮಲಗಿಸಿ, ನನ್ನನ್ನು ಹಿತ್ತಲಿಗೆ ಕರೆದರು.

"ಅವರಿಗೆ ಹೇಳ್ಬೇಡಿ ಗಿರಿಜಮ್ಮ. ಹಸಿ ಕಣ್ಣು, ಅತ್ತುಗಿತ್ತಾರು. ಲೋಕೇಶನ ಮೇಲೆ ಕೂಗಾಡ್ತಾರೆ. ಇನ್ನೊಂದು ಕಣ್ಣೂ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ."

"ಕೇಳಿದ್ರೆ ಸುಳ್ಳು ಹೇಳಲ್ಲ. ಕೇಳದಿದ್ರೆ ಬಾಯಿ ಬಿಡಲ್ಲ" ಎಂದೆ.

ಮೀನು ಸತ್ತದ್ದನ್ನು, ಮೆತ್ತನೆಯ ಹವಳ ಕರಗಿದ್ದನ್ನು ಶಾಂತಮ್ಮ ಗಂಡನಿಗೆ ಹೇಳಿದರು, ಕರೆಂಟ್ ಹೋಗಿತ್ತು ಎಂದು ಸೇರಿಸಿದರು. ಉಳಿದ ಹವಳದ ವಿಷಯಕ್ಕೆ ತಾಯಿ ಮಗನದು ಒಂದೇ ಮಾತು: ಎಲ್ಲ ಹಾಗೇ ಇದೆ, ಬಣ್ಣ ಚೆನ್ನಾಗಿದೆ. ನಾನು ವಾರಕ್ಕೊಮ್ಮೆ ನೀರು ಬದಲಿಸಲು ಹೋಗುತ್ತಿದ್ದೆ. ಷಣ್ಮುಖಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಕಪ್ಪು ಕನ್ನಡಕ ತೆಗೆದಮೇಲೂ ಕೇಳಲಿಲ್ಲ. ಮಾತೇ ಕಡಿಮೆಯಾಯಿತು. ನೀಲಿ ಲೈಟ್ ಹಾಕುವುದನ್ನೂ ಬಿಟ್ಟರು. ಆಪರೇಷನ್ನಿನ ಸುಸ್ತು ಇರಬಹುದೆಂದು ನಾನು ಅಂದುಕೊಂಡೆ.

ಸಂಕ್ರಾಂತಿ ಕಳೆದಮೇಲೆ ಎಡಗಣ್ಣಿನ ಆಪರೇಷನ್ ಇತ್ತು. ಅದಕ್ಕೆ ಸ್ವಲ್ಪ ಮುಂಚೆ ಶಾಂತಮ್ಮನ ಫೋನು.

"ಮಾಡ್ಸಲ್ಲ ಅಂತ ಹಟ ಹಿಡಿದು ಕೂತಿದ್ದಾರೆ. ಮಾಡ್ಸಿದ ಕಣ್ಣೇ ಕೆಟ್ಟೋಯ್ತು, ಇದನ್ನ ಯಾರ ಕೈಗೂ ಕೊಡಲ್ಲ ಅಂತಾರೆ. ಡಾಕ್ಟ್ರು ಕೆಟ್ಟಿಲ್ಲ ಅಂತಾರೆ. ಈ ಕಣ್ಣಿನ ಪೊರೆ ಬಲೀತಾ ಇದೆ, ಬಿಟ್ರೆ ಕಣ್ಣೇ ಹೋಗುತ್ತೆ ಅಂತಾರೆ. ಯಾರ ಮಾತೂ ಕೇಳ್ತಿಲ್ಲ. ನಿಮ್ಮನ್ನ ಕರೀಬೇಕಂತೆ."

"ನನ್ನನ್ನಾ? ನಾನೇನು ಕಣ್ಣಿನ ಡಾಕ್ಟ್ರಾ?" ಎಂದೆ. ಆದರೂ ಅಂಗಡಿಯ ಬಾಗಿಲು ಎಳೆದು ಹೊರಟೆ.

ಷಣ್ಮುಖಪ್ಪ ತೊಟ್ಟಿಯ ಎದುರಿಗೇ ಕೂತಿದ್ದರು. ಹೆಂಡತಿಗೆ ಕಾಫಿ ಮಾಡಲು ಹೇಳಿ ಒಳಗೆ ಕಳಿಸಿದರು. ನನಗೆ ಪಕ್ಕದ ಸ್ಟೂಲ್ ತೋರಿಸಿದರು.

"ಗಿರಿಜಮ್ಮ, ನೀವು ಗಿರಾಕಿಗೆ ಸಿಹಿ ಮಾತಾಡೋ ಪೈಕಿ ಅಲ್ಲ. ಅದಕ್ಕೇ ನಿಮ್ಮನ್ನ ಕರೆಸ್ದೆ." ಅಂಗೈಯಿಂದ ಬಲಗಣ್ಣು ಮುಚ್ಚಿದರು. "ಈ ಹಳೇ ಕಣ್ಣಲ್ಲಿ ನೋಡಿದ್ರೆ ನಡುಮಧ್ಯದ್ದು ಬಂಗಾರ. ಮಂಜು ಮಂಜು, ಆದ್ರೂ ಬಂಗಾರವೇ, ಮುಂಚಿನಂಗೇ." ಕೈಯನ್ನು ಎಡಗಣ್ಣಿಗೆ ಬದಲಿಸಿದರು. "ಈ ಹೊಸಾ ಕಣ್ಣಲ್ಲಿ ಗೆರೆ ಗೆರೆ ಕಾಣುತ್ತೆ, ಬಣ್ಣ ಇಲ್ಲ. ಸುಣ್ಣ. ಮನೆಯವರೆಲ್ಲ ಬಣ್ಣ ಚೆನ್ನಾಗಿದೆ ಅಂತಾರೆ. ಕುಂಕುಮ ಕಾಣುತ್ತೆ, ಎಲೆ ಹಸಿರು ಕಾಣುತ್ತೆ. ಆದ್ರೆ ಸೂಕ್ಷ್ಮದ್ದು ಹೋಯ್ತು. ಅದೇ ಅಲ್ವಾ ನನ್ನ ಹತ್ರ ಇದ್ದಿದ್ದು? ಇದ್ದ ಇನ್ನೊಂದನ್ನೂ ಕೊಟ್ಟು ಕೂರ್ಲಾ?"

ನನಗೆ ಆಗ ತಿಳಿಯಿತು. ಪೊರೆ ಹಳದಿಗಟ್ಟಿದ ಕಣ್ಣಿಗೆ ಬಿಳಿಯದೂ ಬಂಗಾರವೇ. ಈ ಮನುಷ್ಯ ಸರಿಯಾದ ಕಣ್ಣನ್ನು ನಂಬದೆ, ಕೆಟ್ಟ ಕಣ್ಣನ್ನು ಕಾಪಾಡಿಕೊಳ್ಳಲು ಹೊರಟಿದ್ದರು.

"ಯಾವುದು ನಿಜ, ಹೇಳಿಬಿಡಿ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ಶಾಂತಮ್ಮ ನಿಂತಿದ್ದರು. ಕೈಯಲ್ಲಿ ಇಕ್ಕಳ. ಬೇಡ ಬೇಡ ಎಂದು ತಲೆಯಾಡಿಸಿದರು.

"ಸುಣ್ಣವೇ ನಿಜ" ಎಂದೆ. "ಹವಳ ಬಣ್ಣ ಬಿಟ್ಟಿವೆ. ದಸರಾದಿಂದಲೇ. ನಿಮ್ಮ ಹೊಸ ಕಣ್ಣು ಸರಿಯಾಗೇ ನೋಡ್ತಿದೆ."

ನಾನು ಮೋಟರಿನ ಕಥೆಯನ್ನೂ ಹೇಳಿದೆ. ಮಗ ಪೂಜೆ ಮಾಡಿ ವಿಶ್ರಾಂತಿ ಕೊಟ್ಟದ್ದು, ಅಪ್ಪ ಮಾಡುವ ಹಾಗೆಯೇ ಮಾಡಿದೆನೆಂದು ತಿಳಿದದ್ದು, ಎಲ್ಲ. ಕೂಗಾಡುತ್ತಾರೆಂದು ಕಾದೆ. ಅವರು ಹೆಂಡತಿಯ ಕಡೆ ತಿರುಗಿದರು.

"ಹವಳ ಹೋದ್ರೆ ಹೋಗ್ಲಿ ಕಣೇ. ಇಷ್ಟು ದಿನ ನನ್ನ ಕಣ್ಣನ್ನೇ ಸುಳ್ಳುಗಾರ ಮಾಡಿದ್ರಲ್ಲೇ ತಾಯಿ ಮಗ ಸೇರ್ಕೊಂಡು!"

ಶಾಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಷಣ್ಮುಖಪ್ಪನವರೂ ಅತ್ತರು. ಡಾಕ್ಟರು ಹಸಿ ಕಣ್ಣಲ್ಲಿ ಅಳಬೇಡಿ ಎಂದಿದ್ದ ಕಾಲ ಆಗಲೇ ಕಳೆದಿತ್ತು, ಅದೊಂದು ಪುಣ್ಯ. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಅವರು ಮೂಗು ಒರೆಸಿಕೊಂಡು, ಎದ್ದುಹೋಗಿ ಲೈಟ್ ಹಾಕಿದರು. ಎಡಗಣ್ಣು ಮುಚ್ಚಿ ಗಾಜಿಗೆ ಹಣೆ ತಾಗುವಷ್ಟು ಬಗ್ಗಿದರು. ಕರಗಿದ ಕಬ್ಬಿಣವನ್ನು ಹೀಗೇ ನೋಡುತ್ತಿದ್ದರೇನೋ, ಉಸಿರು ಬಿಗಿಹಿಡಿದು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು.

"ಪೂರ್ತಿ ಸುಣ್ಣ ಅಲ್ಲ ಗಿರಿಜಮ್ಮ" ಎಂದರು. "ನಡುಮಧ್ಯದ್ದು ನೋಡಿ. ಎಡಗಡೆ ಬುಡದಲ್ಲಿ, ಆ ಸುರುಳಿಯ ಒಳಗೆ. ಬೂದಿ ಅಡಿಯಿಂದ ಕಾವು ಬರೋ ಬಣ್ಣ."

ನಾನು ಬಗ್ಗಿದೆ. ಬಿಳಿಯೇ ಕಂಡಿತು. ಮಗ ತಪ್ಪು ಮಾಡಿಲ್ಲವೆಂದು ತಮ್ಮನ್ನೇ ನಂಬಿಸಿಕೊಳ್ಳಲು ಹೇಳುತ್ತಿದ್ದಾರೆ ಅಂದುಕೊಂಡೆ. ಚೀಲದಿಂದ ಭೂತಗನ್ನಡಿ ತೆಗೆದು ಹಿಡಿದೆ. ಅವರು ಹೇಳಿದ ಜಾಗದಲ್ಲೇ, ಸುರುಳಿಯ ಒಳಮೈಯಲ್ಲಿ, ಎಳ್ಳಿನಷ್ಟಗಲ ಕಂದುಬಣ್ಣ ಮೂಡಿತ್ತು. ಬೆಳ್ಳಗಾದ ಹವಳಕ್ಕೆ ಬಣ್ಣ ತಿರುಗಿ ಬರುವಾಗ ಮೊದಲು ಬರುವುದು ಕಂದೇ. ಹಿಂದಿನ ವಾರ ನೀರು ಬದಲಿಸುವಾಗ ಅಲ್ಲೇ ಕೈಯಾಡಿಸಿದ ನನಗೆ ಅದು ಕಂಡಿರಲಿಲ್ಲ.

"ಇದೆ" ಎಂದೆ. "ಜೀವ ಬರ್ತಿದೆ."

ಅವರು ಗಾಜಿನಿಂದ ಹಣೆ ತೆಗೆಯಲಿಲ್ಲ. "ಶಾಂತಾ" ಎಂದು ಕೂಗಿದರು, "ಲೋಕೇಶಂಗೆ ಫೋನ್ ಮಾಡು. ಕೆಲಸ ಬಿಟ್ಟು ಬರ್ಲಿ, ಬೈಯಲ್ಲ ಅಂತ ಹೇಳು. ಆಮೇಲೆ ಡಾಕ್ಟ್ರಿಗೆ ಮಾಡು. ನಾನು ಬರ್ತೀನಿ ಅಂತ ಹೇಳು."